ಬೌಕ್ಯೆ ಡಾಕ್ಟರರ ಗೋಡೆ
ನೆದರ್‌ಲ್ಯಾಂಡ್ಸಿನ ಫ್ರೀಸ್‌ಲ್ಯಾಂಡ್ ಪ್ರಾಂತ್ಯದ ಹೋರಿ ತಳಿ ಕೇಂದ್ರದಲ್ಲಿ ಬೌಕ್ಯೆ ಡಾಕ್ಟರರ ಸೂಕ್ಷ್ಮದರ್ಶಕದ ಕೋಣೆಗೆ ರಾಜನೇ ಬಂದರೂ ಮರದ ಮೆಟ್ಟು ಹೊರಗೆ ಬಿಡಲೇಬೇಕು. ಹೋರಿ ಸಾಕುವ ವೊಬ್ಬೆ ಗೊಣಗಿದರೆ, “ಸುಮ್ನಿರಪ್ಪ, ನೀನು ನೋಡ್ತಿರೋದು ತೊಟ್ಟಿಲು” ಎಂದು ವೃಷಣದ ತೆಳುಚೂರನ್ನು ತೋರಿಸುತ್ತಾರೆ. “ವೀರ್ಯಾಣು ಹುಟ್ಟೋದು ಹೋರಿಗೆ ಪ್ರಾಯ ಬಂದ್ಮೇಲೆ. ಅಷ್ಟೊತ್ತಿಗೆ ಮೈಯ ಕಾವಲುಪಡೆ ತನ್ನವರು ಯಾರು ಅಂತ ಕಲ್ತು ಮುಗ್ಸಿರುತ್ತೆ. ತಡವಾಗಿ ಬಂದ ಇವರು ಅದಕ್ಕೆ ಕಳ್ಳರೇ! ಅದಕ್ಕೇ ರಕ್ತಕ್ಕೂ ಇವರಿಗೂ ನಡುವೆ ಈ ಗೋಡೆ.” ಇದನ್ನು ಅವರು ಅಂಚೆಯವನಿಗೂ, ಒಮ್ಮೆ ಪಾದ್ರಿಗೂ ಹೇಳಿದ್ದಾರೆ, ಪ್ರತಿ ಸಲವೂ ಕಾಫಿ ಆರುತ್ತದೆ, ಅವರ ಬೆರಗು ಆರುವುದಿಲ್ಲ. ವೊಬ್ಬೆಯ ಹೋರಿಯೊಂದು ವೃಷಣಕ್ಕೆ ಒದೆ ತಿಂದಾಗ ಆ ಗೋಡೆಯೇ ಬಿರಿದು, ಕಾವಲುಪಡೆಯ ಆಯುಧಗಳಾದ ರಕ್ತದ ಪ್ರತಿಕಾಯಗಳು ಅದರ ವೀರ್ಯಾಣುಗಳನ್ನೇ ಮುತ್ತಿದವು, ಹೋರಿ ಬರಡಾಯಿತು. “ಇನ್ನು ಕಸಾಯಿಖಾನೆಗೇ, ಡಾಕ್ಟ್ರೇ. ದ್ರೋಹಿಗಳು ಈ ಕಾವಲಿನವ್ರು!” ಎಂದು ಅವನು ಹಲ್ಲು ಕಡಿದ. “ಬೈಬೇಡ. ಕಾಯ್ತಾ ಇದೀವಿ ಅಂದ್ಕೊಂಡೇ ಹೊಡೀತಾವೆ, ಪಾಪ” ಎನ್ನುತ್ತ ಬೌಕ್ಯೆ ಸೂಕ್ಷ್ಮದರ್ಶಕದ ತಿರುಪನ್ನು ಅಂಗೈಯ ಬುಡದಿಂದ ಹೊರಳಿಸಿದರು. ಅವರ ಬೆರಳ ಗೆಣ್ಣುಗಳೆಲ್ಲ ಊದಿ ಸೊಟ್ಟಗಾಗಿರುವುದನ್ನು ವೊಬ್ಬೆ ಗಮನಿಸಿದ್ದು ಅಂದೇ. “ಇಲ್ಲೂ ಅವುಗಳದ್ದೇ ಕೆಲಸ” ಎಂದು ಅವರು ನಕ್ಕರು, “ಕೀಲುಗಳಿಗೆ ಯಾರೂ ಗೋಡೆ ಕಟ್ಟಿಲ್ಲ ನೋಡು.”