ಕಣ್ಣಿಲ್ಲದ ನಾಲ್ಕನೆಯ ಕೀಲಿ

ನನ್ನ ಎಡಗೈಯ ಕಿರುಬೆರಳಿಗೆ ಒಂದು ದುರಭ್ಯಾಸವಿದೆ. ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಒತ್ತಿ ಕನ್ನಡ ಮೂಡಿಸುವಾಗ ‘ವೈ’ ಬೇಕಾದರೆ, ಬಲಗೈಗೆ ಅವಕಾಶವನ್ನೇ ಕೊಡದೆ, ಅದು ಕೆಳಸಾಲಿನ ಎಡಮೂಲೆಗೆ ಇಳಿದು ‘ಝಡ್’ ಒತ್ತಿಬಿಡುತ್ತದೆ. ಹೀಗಾಗಿ ನಾನು ‘ಯಾಕೆ’ ಎಂದು ಬರೆಯಹೊರಟಾಗಲೆಲ್ಲ ಪರದೆಯ ಮೇಲೆ ‘ಝಾಕೆ’ ಎಂಬ, ಯಾವ ನಿಘಂಟಿನಲ್ಲೂ ಇಲ್ಲದ ಪ್ರಾಣಿಯೊಂದು ಹುಟ್ಟಿಕೊಳ್ಳುತ್ತದೆ. ಇತರರಿಗೆ ಇದು ಅಲ್ಪ ತೊಂದರೆ ಇರಬಹುದು. ಆದರೆ ಸವದತ್ತಿಯಲ್ಲಿ ಇತಿಹಾಸದ ಪಾಠ ಹೇಳುತ್ತ, ಕಂಡದ್ದನ್ನೆಲ್ಲ ಯಾಕೆಂದು ಕೇಳುವುದನ್ನೇ ಉಪಜೀವನ ಮಾಡಿಕೊಂಡವನಿಗೆ ಆ ಪದವೊಂದೇ ಸರಿಯಾಗಿ ಒಲಿಯದಿರುವುದು ಅವಮಾನವಲ್ಲವೆ?

ಬೆರಳಿನ ಈ ಹಟಕ್ಕೆ ಕಾರಣ ಒಂದು ಜರ್ಮನ್ ಕೀಲಿಮಣೆ. ಜರ್ಮನರು ಆ ಎರಡು ಅಕ್ಷರಗಳ ಜಾಗವನ್ನು ಅದಲುಬದಲು ಮಾಡಿಕೊಂಡಿದ್ದಾರೆ. ನಾನು ಮೊದಲು ಬೆರಳಾಡಿಸಿದ್ದು ಅಂಥದೊಂದರ ಮೇಲೆ, ಅದೂ ಬೈಲಹೊಂಗಲದ ಬಾಡಿಗೆ ಮನೆಯ ಪಡಸಾಲೆಯಲ್ಲಿ, ಜೋಳದ ಚೀಲಕ್ಕೆ ಒರಗಿ ಕುಳಿತು.

ಅಪ್ಪ ನೂಲಿನ ಗಿರಣಿಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ. ಅಲ್ಲಿಗೆ ಹೊಸ ಯಂತ್ರ ಕೂಡಿಸಲು ಬಂದ ಜರ್ಮನ್ ಸಾಹೇಬನೊಬ್ಬ ಅಪ್ಪನ ಡಬ್ಬಿಯಲ್ಲಿದ್ದ ಶೇಂಗಾ ಚಟ್ನಿಯನ್ನು ಒಮ್ಮೆ ರುಚಿ ನೋಡಿದ್ದೇ ನೆಪವಾಗಿ, ಮುಂದೆ ಎಂಟು ತಿಂಗಳು ಅವ್ವ ದಿನಾ ಎರಡು ರೊಟ್ಟಿ ಹೆಚ್ಚಿಗೆ ಬಡಿದು ಕಳಿಸಿದಳು. ಸಾಹೇಬ ಊರಿಗೆ ಹೊರಟಾಗ ಸಾಮಾನು ಭಾರವಾಯಿತೆಂದು, ಸಂಜೆ ಹೊತ್ತು ಕಳೆಯಲು ತಂದುಕೊಂಡಿದ್ದ ತನ್ನ ಗಣಕವನ್ನು ಅಪ್ಪನ ಕೈಯಲ್ಲಿಟ್ಟು ಹೋದ. ಅಂದರೆ ನಮ್ಮ ಮನೆಗೆ ಗಣಕಯುಗ ಬಂದದ್ದು ಅವ್ವನ ಚಟ್ನಿಯ ಪುಣ್ಯದಿಂದ.

ಆ ಕಾಲದ ಮನೆಗಣಕದಲ್ಲಿ ಕೀಲಿಮಣೆಯೇ ಗಣಕ. ಪರದೆಯೆಂದರೆ ಮನೆಯ ಟೀವಿ, ಸ್ಮರಣೆಯೆಂದರೆ ಹಾಡು ಕೇಳುವ ಟೇಪ್ ರೆಕಾರ್ಡರ್. ಕ್ಯಾಸೆಟ್ಟಿಗೆ ಇಳಿಸದೆ ಸ್ವಿಚ್ ಆರಿಸಿದರೆ ಕಲಿತದ್ದೆಲ್ಲವನ್ನೂ ನಿಶ್ಚಿಂತೆಯಿಂದ ಮರೆತುಬಿಡುತ್ತಿತ್ತು. ಆ ವಿಷಯದಲ್ಲಿ ಅದೂ ನಾನೂ ಈಗ ಸಮಾನಸ್ಕಂಧರು.

ಅದರ ಬಲ ಅಂಚಿನಲ್ಲಿ ನಮಗೆ ಯಾವ ಉಪಯೋಗಕ್ಕೂ ಬಾರದ ನಾಲ್ಕು ಜರ್ಮನ್ ಕೀಲಿಗಳಿದ್ದವು. ಮೂರು ಅಕ್ಷರಗಳ ನೆತ್ತಿಯ ಮೇಲೆ ಎರಡೆರಡು ಚುಕ್ಕೆ. ಅವ್ವ ಅವಕ್ಕೆ ‘ಕಣ್ಣಿನವು’ ಎನ್ನುತ್ತಿದ್ದಳು. ನಾಲ್ಕನೆಯದಕ್ಕೆ ಕಣ್ಣಿರಲಿಲ್ಲ, ಅದು ಹೊಟ್ಟೆ ಬಂದ ‘ಬಿ’ಯಂತೆ ಮೇಲಿನ ಸಾಲಿನಲ್ಲಿ ಒಂಟಿಯಾಗಿ ಕುಳಿತಿತ್ತು. ಬಿ.ಎಸ್ಸಿ. ಓದುತ್ತಿದ್ದ ಅಕ್ಕ, ಯಾವ ಕೀಲಿಗೆ ಯಾವ ಚಿತ್ರ ಬೇಕಾದರೂ ಕಲಿಸಬಹುದೆಂಬ ಗುಟ್ಟನ್ನು ಹೇಗೋ ಕಂಡುಹಿಡಿದಳು. ಚೌಕುಳಿ ನೋಟುಬುಕ್ಕಿನಲ್ಲಿ ಎಂಟಕ್ಕೆಂಟು ಮನೆ ಗೀಚಿ, ಬೆಳಗಬೇಕಾದ ಮನೆಗಳನ್ನು ಪೆನ್ಸಿಲ್ಲಿನಿಂದ ತುಂಬಿ, ಲೆಕ್ಕ ಹಾಕಿ, ಆ ನಾಲ್ಕು ಕೀಲಿಗಳಿಗೆ ನಾಲ್ಕು ಕನ್ನಡ ರೂಪ ಕಲಿಸಿದಳು: ಗ, ಸೊನ್ನೆ, ವ, ಮತ್ತು ವ ಒತ್ತು. ಒತ್ತನ್ನು ಕಣ್ಣಿಲ್ಲದ ಕೀಲಿಗೆ ಕೊಟ್ಟಳು. ಇಷ್ಟು ಸಾಕಿತ್ತು. ಐದು ಸಲ ಒತ್ತಿದರೆ ಟೀವಿಯ ಮೇಲೆ ‘ಗಂಗವ್ವ’ ಎಂದು ಮೂಡುತ್ತಿತ್ತು. ಅದು ನಮ್ಮ ಅವ್ವನ ಹೆಸರು. ಕೀಲಿಗಳ ಮೇಲೆ ಚೀಟಿಗೀಟಿ ಅಂಟಿಸಿರಲಿಲ್ಲ. ನೋಡಿ ನೆನಪಿಟ್ಟುಕೊಳ್ಳಬೇಕು, ಅಷ್ಟೆ.

ಅವ್ವ ಸಾಲಿಯ ಮೆಟ್ಟಿಲು ಹತ್ತಿದವಳಲ್ಲ; ಎಲ್ಲಿ ಸಹಿ ಬೇಕೆಂದರೂ ಹೆಬ್ಬೆಟ್ಟು ಒತ್ತಿದವಳು. ನನ್ನ ನೆನಪು ಹೀಗಿದೆ: ಒಂದು ಮಧ್ಯಾಹ್ನ, ರೊಟ್ಟಿ ಬಡಿದು ಮುಗಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಅಕ್ಕ ತೋರಿಸಿದಂತೆ ತೋರುಬೆರಳಿನಿಂದ ಅವಳೇ ಐದು ಸಲ ಒತ್ತಿದಳು. ಹೆಸರು ಮೂಡಿತು. ಸ್ವಲ್ಪ ಹೊತ್ತು ನೋಡಿ, “ಇಷ್ಟ ಏನೋ ನನ್ನ ಹೆಸರು? ಭಾಳ ದೊಡ್ಡದ ಇರಬೇಕಂತ ತಿಳಿದಿದ್ದೆ ನಾ,” ಎಂದಳು.

ಈ ಪ್ರಸಂಗವನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ತರಗತಿಯಲ್ಲಿ ಹೇಳಿದ್ದೇನೆ, ಅವ್ವನ ತಿಥಿಯ ದಿನ ನೆಂಟರೆದುರು ಹೇಳಿ ಅವರ ಕಣ್ಣಲ್ಲೂ ನೀರು ತರಿಸಿದ್ದೇನೆ. ಹೇಳಿದಂತೆಲ್ಲ ಅದು ಬೆಳೆದಿದೆ ಎಂಬ ಗುಮಾನಿ ನನಗೇ ಇದೆ. ಒಂದು ಆವೃತ್ತಿಯಲ್ಲಿ ಆ ಗಳಿಗೆಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು, ಇನ್ನೊಂದರಲ್ಲಿ ಅಪ್ಪ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದ. ಪರರ ನೆನಪುಗಳಿಗೆ ಮಾತ್ರ ನಾನು ಬಲು ನಿಷ್ಠುರ. ಒಮ್ಮೆ ವಿದ್ಯಾರ್ಥಿಗಳನ್ನು ಕಿತ್ತೂರಿನ ಕೋಟೆಗೆ ಕರೆದೊಯ್ದಾಗ, ಕಥೆ ಹೇಳುತ್ತಿದ್ದ ಹಿರಿಯರೊಬ್ಬರನ್ನು ಮಾತುಮಾತಿಗೆ ತಡೆದು ಆಧಾರವೇನೆಂದು ಕೇಳುತ್ತಿದ್ದೆ. ನಾಲ್ಕನೆಯ ಸಲಕ್ಕೆ ಅವರು ರುಮಾಲು ಸರಿಮಾಡಿಕೊಂಡು, “ಸರ, ನೀವು ನಿಮ್ಮವ್ವನ ಮಗಾ ಅನ್ನೂದಕ್ಕ ಆಧಾರ ಏನ್ರಿ? ಆಕಿ ಹೇಳಿದ್ಲು, ನೀವು ನಂಬಿದ್ರಿ, ಹೌದಲ್ಲ?” ಎಂದರು. ವಿದ್ಯಾರ್ಥಿಗಳು ಬಸ್ಸಿನಲ್ಲಿ ಊರು ಮುಟ್ಟುವವರೆಗೂ ನಕ್ಕರು.

ಹೋದ ತಿಂಗಳು ಅಕ್ಕ ಫೋನಿನಲ್ಲಿ ಮಾತಾಡುತ್ತ, ಯಾವ ಪೀಠಿಕೆಯೂ ಇಲ್ಲದೆ ಈ ಕಥೆಯ ಬುಡಕ್ಕೆ ಕೈ ಹಾಕಿದಳು.

“ಅವ್ವ ಅದನ್ನ ಮುಟ್ಟೇ ಇಲ್ಲೋ ತಮ್ಮಾ. ಕರೆಂಟ್ ಹೊಡೀತೈತಿ ಅಂತ ಅಡಗಿಮನಿ ಬಾಗಲದಾಗ ನಿಂತಿದ್ಲು. ಒತ್ತಿದಾವ ನೀನು.”

“ನಾನಾ?”

“ನೀನ. ಅದಕ್ಕ ನಿನಗ ಅಷ್ಟ ಚಲೋ ನೆನಪೈತಿ.”

ಕಾಲೇಜಿನಲ್ಲಿ ಆಧಾರ, ಅನುಮಾನ ಎಂದು ಮೂವತ್ತು ವರ್ಷ ಕೊರೆದವನಿಗೆ ಇದೊಂದು ಸಹಜ ಪ್ರಕರಣ ಎನಿಸಬೇಕಿತ್ತು, ಎನಿಸಲಿಲ್ಲ. ಅಕ್ಕನ ಮಾತು ನಿಜವಾದರೆ ಅವ್ವ ಬದುಕಿನಲ್ಲಿ ಒಮ್ಮೆಯೂ ತನ್ನ ಹೆಸರನ್ನು ತಾನು ಬರೆದವಳಲ್ಲ. ಮಗನಾಗಿ ನಾನು ಅವಳಿಗೆ ಏನೇನೋ ಕೊಡಲಾಗಲಿಲ್ಲ. ಇದೊಂದು ಅವಳಿಗೆ ಸಿಕ್ಕಿತ್ತು ಎಂಬ ಸಮಾಧಾನದ ಮೇಲೆ ಇಷ್ಟು ವರ್ಷ ಒರಗಿಕೊಂಡಿದ್ದೆ. ಅದೂ ನಾನೇ ಹೊಲಿದುಕೊಂಡ ದಿಂಬೆ?

ಬೈಲಹೊಂಗಲದ ಮನೆ ಬಿಟ್ಟಾಗ ಅವ್ವನ ಟ್ರಂಕು ಅಕ್ಕನ ಮನೆ ಸೇರಿತ್ತು. ಭಾನುವಾರ ಬೆಳಿಗ್ಗೆಯೇ ಮುನವಳ್ಳಿ ಬಸ್ಸು ಹತ್ತಿದೆ. ಅಕ್ಕ ನನ್ನ ಚೀಲದಲ್ಲಿದ್ದ ವೈರುಗಳನ್ನು ನೋಡಿ, “ಕೋರ್ಟಿಗೆ ಹೊಂಟಾವ್ರಂಗ ಬಂದೀಯಲ್ಲೋ. ಮೊದಲ ಅವಲಕ್ಕಿ ತಿನ್ನು,” ಎಂದಳು. ತಿಂದು ಅಟ್ಟದಿಂದ ಟ್ರಂಕು ಇಳಿಸಿದೆವು. ಗಣಕ ಅವ್ವನ ರಾಮದುರ್ಗದ ಸೀರೆಯಲ್ಲಿ ಸುತ್ತಿಕೊಂಡು ಮಲಗಿತ್ತು. ಸೀರೆಯ ಗಂಟು ಅವ್ವನದೇ. ಮೂರು ಸುತ್ತು ಹಾಕಿ ತುದಿಯನ್ನು ಒಳಗೆ ತುರುಕುವುದು ಅವಳ ಪದ್ಧತಿ. ಬಿಚ್ಚಲು ನನಗೆ ಮನಸ್ಸಾಗಲಿಲ್ಲ, ಅಕ್ಕನೇ ಬಿಚ್ಚಿದಳು.

ಅಕ್ಕ ಆ ಅಕ್ಷರಗಳನ್ನು ಇಳಿಸಿಟ್ಟಿದ್ದ ಕ್ಯಾಸೆಟ್ಟಿನ ಟೇಪಿಗೆ ಬೂಷ್ಟು ಹಿಡಿದಿತ್ತು. ಗಣಕಕ್ಕೆ ಕರೆಂಟು ಕೊಟ್ಟರೆ ಮೂಲೆಯ ಕೆಂಪು ದೀಪ ಹತ್ತಿತು. ಟೀವಿಯಲ್ಲಿ ಮಾತ್ರ ಏನೂ ಬರಲಿಲ್ಲ. ಒಂದು ತಾಸು ವೈರು ಬದಲಿಸಿ, ಬೆನ್ನು ತಟ್ಟಿ, ಕೊನೆಗೆ ನಾನು ಗೋಡೆಗೆ ಒರಗಿದೆ.

“ಸಾಕ್ಷಿ ಸತ್ತೈತಿ,” ಎಂದಳು ಅಕ್ಕ. “ಇರಲಿ, ಒರಸಿ ಒಳಗ ಇಡೋಣು.” ಹಸಿ ಬಟ್ಟೆ ತಂದು ಎಡದಿಂದ ಒರೆಸುತ್ತ ಬಂದವಳು ಬಲ ಅಂಚಿಗೆ ಬರುವಷ್ಟರಲ್ಲಿ ನಾನು ಅವಳ ಕೈ ಹಿಡಿದೆ.

ಆ ಕೀಲಿಗಳ ನೆತ್ತಿ ತುಸು ತಗ್ಗು. ಆ ತಗ್ಗಿನಲ್ಲಿ ಬಿಳಿಯದೇನೋ ಒಣಗಿ ಹೆಪ್ಪುಗಟ್ಟಿತ್ತು. ಎಲ್ಲ ಕೀಲಿಗಳಲ್ಲಲ್ಲ. ಕಣ್ಣಿನ ಮೂರರಲ್ಲಿ, ಒಂದೊಂದು ಬೊಟ್ಟು.

ಅಕ್ಕ ಮೂಗಿನ ಹತ್ತಿರ ತಂದು ನೋಡಿದಳು. “ವಿಭೂತಿ. ಖಂಡೇ ಪೂಜಾದ್ದು.”

ದಸರೆಯಲ್ಲಿ ಮನೆಯ ಕುಡುಗೋಲು, ಸೈಕಲ್ಲು, ಇಕ್ಕಳಗಳಿಗೆಲ್ಲ ನಮ್ಮಲ್ಲಿ ಪೂಜೆ. ಗಣಕ ಬಂದದ್ದು ಚಳಿಗಾಲದಲ್ಲಿ. ಬೇಸಿಗೆಯಲ್ಲಿ ಅಕ್ಕನ ಮದುವೆಯಾಗಿ ಅವಳು ಮುನವಳ್ಳಿ ಸೇರಿದಳು, ನಾನು ಓದಲು ಧಾರವಾಡಕ್ಕೆ ಹೋದೆ. ಆ ದಸರೆಗೆ ಅಕ್ಕ ಅತ್ತೆಯ ಮನೆಯಲ್ಲಿದ್ದಳು, ನಾನು ಎನ್.ಸಿ.ಸಿ. ಶಿಬಿರದಲ್ಲಿದ್ದೆ. ಮುಂದಿನ ದಸರೆಯ ಹೊತ್ತಿಗೆ ಗಣಕ ಟ್ರಂಕು ಸೇರಿಯಾಗಿತ್ತು. ಅಪ್ಪ ಹಚ್ಚಿದ್ದರೆ ಮೂರು ಬೆರಳು ಅದ್ದಿ ಅಡ್ಡ ಎಳೆದುಬಿಡುತ್ತಿದ್ದ, ಸೈಕಲ್ಲಿಗೂ ಹಾಗೆಯೇ. ಹೀಗೆ ತೋರುಬೆರಳಿನ ತುದಿಯಿಂದ ಒಂದೊಂದಕ್ಕೂ ಬೊಟ್ಟಿಡುವವಳು ಅವ್ವ ಒಬ್ಬಳೇ.

ಅಷ್ಟಕ್ಕೇ ನಂಬಿಬಿಡಬೇಕೆನಿಸಿತು. ಆದರೂ ಹಾಳು ವಿದ್ಯಾಭ್ಯಾಸ ಸುಮ್ಮನಿರಗೊಡಬೇಕಲ್ಲ. “ಇದರಿಂದ ಏನೂ ಸಿದ್ಧ ಆಗೂದಿಲ್ಲಕ್ಕ,” ಎಂದೆ. “ಕಣ್ಣಿದ್ದದ್ದ ನೋಡಿ, ಮಾರಿ ಇದ್ದಂಗ ಐತಿ ಅಂತ ಹಚ್ಚಿರಬೇಕು. ನೀನು ಹೇಳಿದ್ದ ಖರೆ ಇರಬಹುದು.”

ಅಕ್ಕ ಕನ್ನಡಕ ಹಾಕಿಕೊಂಡು ಕೀಲಿಮಣೆಯನ್ನು ಬೆಳಕಿಗೆ ಹಿಡಿದಳು. ಆಮೇಲೆ ಮೇಲಿನ ಸಾಲಿನ ಕೊನೆಯಲ್ಲಿ ಒಂಟಿಯಾಗಿದ್ದ ಆ ಹೊಟ್ಟೆ ಬಂದ ಅಕ್ಷರದ ಮೇಲೆ ಬೆರಳಿಟ್ಟಳು. ಅಲ್ಲಿಯೂ ಒಂದು ಬೊಟ್ಟಿತ್ತು.

“ಇದಕ್ಕ ಎಲ್ಲೈತೋ ಕಣ್ಣ?”

ಸುತ್ತ ಎಲ್ಲ ಕೀಲಿಗಳೂ ಬೋಳು; ಒರೆಸಿದ ಬಟ್ಟೆಗೂ ಬರೀ ಕಪ್ಪು ಧೂಳು ಹತ್ತಿತ್ತು, ಬಿಳಿಯ ಗುರುತಿರಲಿಲ್ಲ. ನಾಲ್ಕರ ಮೇಲೆ ಮಾತ್ರ ವಿಭೂತಿ. ಮಕ್ಕಳಿಬ್ಬರೂ ಊರಲ್ಲಿಲ್ಲದ ಆ ಹಬ್ಬದ ದಿನ, ಐವತ್ತು ಅರವತ್ತು ಪರದೇಶಿ ಅಕ್ಷರಗಳ ಸಂತೆಯೊಳಗೆ ಅವ್ವ ಒಬ್ಬಳೇ ಕುಳಿತು ತನ್ನ ನಾಲ್ಕನ್ನು ಹುಡುಕಿ ತೆಗೆದಿದ್ದಳು.

ಕನ್ನಡಕ ತೆಗೆದು ಅಕ್ಕ ಅಂದಳು: “ಒತ್ತಿದ್ಲೋ ಇಲ್ಲೋ, ಆಣಿ ಮಾಡಿ ಹೇಳಾಕ ನನಗೂ ಆಗೂದಿಲ್ಲ ಈಗ. ಬಾಗಲದಾಗ ನಿಂತಿದ್ದು ಮಾತ್ರ ಕಣ್ಣಿಗೆ ಕಟ್ಟಿದಂಗ ಐತಿ. ನಾವಿಲ್ಲದಾಗ ಒತ್ತಿದ್ಲೋ ಏನೋ.” ಹಸಿ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟಳು. “ಎಲ್ಲಿ ಅದಾವ ಅನ್ನೂದು ಗೊತ್ತಿತ್ತು ಆಕಿಗೆ.”

ಆ ಬಲ ಅಂಚನ್ನು ಒರೆಸದೆಯೇ ಸೀರೆ ಸುತ್ತಿದೆವು. ಗಂಟು ನಾನು ಹಾಕಿದೆ. ತುದಿಯನ್ನು ಒಳಗೆ ತುರುಕಲು ಹೋದರೆ ಎರಡು ಸಲ ಬಿಚ್ಚಿಹೋಯಿತು.

ನನ್ನ ಮೂಲ ಪ್ರಶ್ನೆ ಇತ್ಯರ್ಥವಾಗಿಲ್ಲ ಎಂಬುದನ್ನು ಬಲ್ಲೆ. ರೊಟ್ಟಿಯ ಹಿಟ್ಟು ಒರೆಸಿಕೊಂಡು ಬಂದ ಆ ಕೈಯನ್ನು ನಾನು ಕಂಡೆನೋ, ಕಾಣಬೇಕೆಂದು ಹಂಬಲಿಸಿ ಕಟ್ಟಿಕೊಂಡೆನೋ, ಇನ್ನು ಹೇಳುವವರಿಲ್ಲ. ಮುಂದಿನ ಸಲ ಕಥೆ ಹೇಳುವಾಗ ಆ ಮಧ್ಯಾಹ್ನವನ್ನು ಬಿಟ್ಟು ದಸರೆಯ ದಿನವನ್ನು ಹೇಳುತ್ತೇನೆ. ಅದನ್ನು ನಾನು ನೋಡಿಲ್ಲ. ಆದರೂ ನೋಡಿದ್ದಕ್ಕಿಂತ ಅದರ ಮೇಲೆ ನನಗೀಗ ಹೆಚ್ಚು ನಂಬಿಕೆ.

ಇದನ್ನು ಬರೆಯುತ್ತಿರುವಾಗಲೂ ಕಿರುಬೆರಳು ತನ್ನ ಚಾಳಿ ಬಿಟ್ಟಿಲ್ಲ. ಮೊದಲ ಪುಟದಲ್ಲೇ ಆರು ‘ಝಾಕೆ’ಗಳನ್ನು ತಿದ್ದಿದ್ದೇನೆ. ಈಗಷ್ಟೆ ಬಲಗೈಯ ತೋರುಬೆರಳನ್ನು ಎತ್ತಿ, ಈ ಲ್ಯಾಪ್‌ಟಾಪಿನ ಮೇಲೆ ಆ ನಾಲ್ಕು ಕೀಲಿಗಳಿದ್ದ ಜಾಗವನ್ನು ಅವ್ವನ ಹೆಸರಿನ ಕ್ರಮದಲ್ಲಿ ಐದು ಸಲ ಒತ್ತಿ ನೋಡಿದೆ. ಒಂದು ಅರ್ಧವಿರಾಮ, ಒಂದು ಉದ್ಧರಣ ಚಿಹ್ನೆ, ಮತ್ತೆ ಅರ್ಧವಿರಾಮ, ತೆರೆದು ಮುಚ್ಚದ ಒಂದು ಆವರಣ, ಕೊನೆಗೆ ಒಂದು ಪುಟ್ಟ ಅಡ್ಡಗೆರೆ ಮೂಡಿದವು. ಇಷ್ಟೇ. ಬೇರೆ ಯಾರು ಕಂಡರೂ ಬೆರಳು ಜಾರಿದ್ದೆಂದು ಅಳಿಸಿಬಿಡುತ್ತಾರೆ. ನಾನು ಅದನ್ನು ಹಾಗೆಯೇ ಬಿಟ್ಟಿದ್ದೇನೆ.