ಕ್ಲಚ್ ಕಾಲು

ನಮ್ಮ ಡ್ರೈವರಕ್ಕನ ಬಸ್ಸಿಗೆ ನಾನು ಕಂಡಕ್ಟರ್. ಅವಳು ಸ್ಟಿಯರಿಂಗ್ ಹಿಡಿದ ಹೊಸದರಲ್ಲಿ ಕೆಲವು ಗಂಡಸರು ಒಳಗೆ ಇಣುಕಿ, "ಅಯ್ಯೋ, ಹೆಂಗಸಾ?" ಅಂತ ಇಳಿದುಬಿಡುತ್ತಿದ್ದರು. "ಇಳೀರಿ ಇಳೀರಿ, ಸೀಟು ಖಾಲಿಯಾಗುತ್ತೆ" ಅನ್ನುತ್ತಿದ್ದಳು. ಈಗ ಅದೇ ಮಹಾನುಭಾವರು ಅವಳ ಬಸ್ಸಿಗೇ ಕಾಯುತ್ತಾರೆ. ಅವಳು ಬ್ರೇಕ್ ಹಾಕಿದರೆ ತೊಡೆ ಮೇಲೆ ಮಲಗಿದ ಕೂಸಿಗೂ ಎಚ್ಚರವಾಗುವುದಿಲ್ಲ.

ಅವಳ ಮಾತು ಕೇಳದೇ ಇದ್ದದ್ದು ಅವಳ ಹೊಟ್ಟೆ ಒಂದೇ. ದೊಡ್ಡ ಕರುಳಿನ ಉರಿಯೂತ, ಎಷ್ಟೋ ವರ್ಷದ್ದು. ಕೆರಳಿತೆಂದರೆ ರಕ್ತ ಬೀಳುತ್ತೆ, ಓಡಲೇಬೇಕು. ಓಡುವುದೆಲ್ಲಿಗೆ? ಕೊನೆ ಸ್ಟಾಪಿನಲ್ಲಿ ಟಾಯ್ಲೆಟ್ ಇದೆ, ಅದಕ್ಕೆ ಬೀಗ. ಕೀಲಿ ಅಲ್ಲಿ ಬಸ್ಸುಗಳ ಟೈಮ್ ಬರೆದುಕೊಳ್ಳುವ ಕಂಟ್ರೋಲರ್ ಡ್ರಾಯರಿನಲ್ಲಿ. "ಅದು ಆಫೀಸರಿಗೆ" ಅಂತಾನೆ. ಯಾವ ಆಫೀಸರೂ ಅಲ್ಲಿಗೆ ಬಂದದ್ದನ್ನು ನಾನು ಕಂಡಿಲ್ಲ, ಅವನ ತಲೆ! ಅದಕ್ಕೇ ಅಕ್ಕ ಡ್ಯೂಟಿ ಮುಗಿಯುವ ತನಕ ಒಂದು ತೊಟ್ಟು ನೀರೂ ಕುಡಿಯುತ್ತಿರಲಿಲ್ಲ. ಇಂಜಿನ್ ಕಾವಿಗೆ ತುಟಿ ಒಡೆದರೂ ಬಾಟಲಿ ಮುಟ್ಟುತ್ತಿರಲಿಲ್ಲ.

ಒಮ್ಮೆ ಹೊಟ್ಟೆ ಜೋರಾಗಿ ಕೆರಳಿದ್ದಾಗಲೇ ಎಡಗಾಲಿನ ಮೀನಖಂಡ ನೋಯತೊಡಗಿತು. ಎಡಗಾಲೆಂದರೆ ಕ್ಲಚ್ ತುಳಿಯುವ ಕಾಲು. ಅದು ನೋಯದ ಡ್ರೈವರ್ ನಮ್ಮ ಡಿಪೊದಲ್ಲಿ ದೀಪ ಹಾಕಿ ಹುಡುಕಿದರೂ ಸಿಗುವುದಿಲ್ಲ. ಎಲ್ಲರೂ ನಕ್ಕರು. ಎಣ್ಣೆ ತಿಕ್ಕು ಅಂದರು, ಬಟ್ಟೆ ಬಿಗಿ ಅಂದರು. ಅವಳೂ ಹಲ್ಲು ಕಚ್ಚಿ ತುಳಿದಳು. ಕೊನೆಗೊಂದು ದಿನ ಎಡಗಾಲಿಗೆ ಶೂ ಏರಲೇ ಇಲ್ಲ. ಪ್ಯಾಂಟ್ ಎತ್ತಿ ನೋಡಿದರೆ ಅದೊಂದೇ ಕಾಲು ಊದಿ, ಕೆಂಪಾಗಿ, ಮುಟ್ಟಿದರೆ ಬಿಸಿ. "ಅಕ್ಕಾ, ಇದು ಕ್ಲಚ್ ನೋವಲ್ಲ, ಏಳು" ಅಂತ ಆಟೋ ಹತ್ತಿಸಿದೆ.

ಡಾಕ್ಟರಮ್ಮ ಸ್ಕ್ಯಾನ್ ಮಾಡಿ, ಕಾಲಿನ ಒಳರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂದರು. ಕರುಳಿನ ಕಾಯಿಲೆಯೂ ಇದಕ್ಕೆ ಕಾರಣ ಅಂದರು.

"ಏನು ಡಾಕ್ಟ್ರೇ, ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕ್ತೀರಲ್ಲ?" ಅಂದಳು ಅಕ್ಕ.

"ಹರಿಯೋ ರಕ್ತ ಒಂದೇ ಅಲ್ವೇನಮ್ಮಾ. ಕರುಳಲ್ಲೋ ಕೀಲಲ್ಲೋ ಉರಿಯೂತ ವರ್ಷಗಟ್ಟಲೆ ಇದ್ದವರಿಗೆ ರಕ್ತ ಹೆಪ್ಪುಗಟ್ಟೋ ಅಪಾಯ ಜಾಸ್ತಿ. ಕೆರಳಿದಾಗ ಇನ್ನೂ ಜಾಸ್ತಿ. ಅದರ ಮೇಲೆ ನೀನು ನೀರು ಕುಡಿಯಲ್ಲ, ಕೂತಲ್ಲಿಂದ ಏಳಲ್ಲ. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿದ್ರೆ ಸ್ಟಿಯರಿಂಗ್ ಮೇಲೇ ಪ್ರಾಣ ಹೋಗ್ತಿತ್ತು."

ಅಕ್ಕನ ಮುಖ ಬಿಳಿಚಿಕೊಂಡಿತು. "ಹಿಂದೆ ಕೂತವರ ಗತಿ?" ಅಂದಳು. ಅವಳು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ರಕ್ತ ತೆಳುವಾಗಿಸುವ ಮಾತ್ರೆ, ಕರುಳಿಗೆ ಹೊಸ ಔಷಧಿ ಶುರುವಾಯಿತು. ಅವಳ ಗಂಡ, ನಮ್ಮ ಭಾವ, ಅವಳ ಕಾಲ ಬಳಿ ಕೂತು, "ಬಿಟ್ಟುಬಿಡೇ ಈ ಕೆಲಸಾನ" ಅಂತ ಅತ್ತರು. "ಅಳೋದಾದ್ರೆ ಆಚೆ ಹೋಗಿ ಅಳಿ" ಅಂದಳು, ಅವಳ ಕಣ್ಣೂ ಒದ್ದೆಯಾಗಿತ್ತು. ಕೆಲವು ತಿಂಗಳಾದ ಮೇಲೆ ಡಾಕ್ಟರಮ್ಮ ಬಸ್ ಓಡಿಸಬಹುದು ಅಂದರು. ಆದರೆ ನೀರು ಕುಡಿಯಲೇಬೇಕು, ಪ್ರತಿ ಟ್ರಿಪ್ಪಿಗೂ ಇಳಿದು ನಡೆಯಲೇಬೇಕು.

ಡಿಪೊ ಮ್ಯಾನೇಜರ್ ಕರುಣೆ ಸುರಿಸಿದ: "ಪಾಪ, ಆಫೀಸಲ್ಲಿ ಆರಾಮಾಗಿ ಕೂತ್ಕೊಳಮ್ಮ."

"ಕೂತೂ ಕೂತೂ ಹೀಗಾಗಿದೆ ಸಾರ್, ಮತ್ತೆ ಕೂರು ಅಂತೀರಾ? ಪಾಪ ಗೀಪ ಬೇಡ, ನನ್ನ ಬಸ್ ಕೊಡಿ!"

"ಕೊಡ್ತೀನಿ. ಒಂದೇ ಒಂದು ಟ್ರಿಪ್ ತಡವಾದ್ರೂ ಸ್ಟಿಯರಿಂಗ್ ಮರೆತುಬಿಡು."

ಮೊದಲ ದಿನ. ಕೊನೆ ಸ್ಟಾಪಿನಲ್ಲಿ ಅಕ್ಕ ಇಳಿದು ಬಸ್ಸಿಗೆ ಸುತ್ತು ಹಾಕಿದಳು. ಬಾಟಲಿ ಹಿಡಿದು ಕಂಟ್ರೋಲರ್ ಎದುರು ನಿಂತು, ಗಟಗಟನೆ ಅಷ್ಟೂ ನೀರು ಕುಡಿದಳು. ಖಾಲಿ ಬಾಟಲಿಯನ್ನು ಅವನ ಮೇಜಿನ ಮೇಲೆ ಕುಕ್ಕಿದಳು.

"ಕೀಲಿ."

"ಅದು ಆಫೀಸರಿಗೆ."

"ಕುಡಿ ಅಂದದ್ದು ಡಾಕ್ಟರು, ಕುಡಿದಾಯ್ತು. ಅದು ಎಲ್ಲಿಗೆ ಹೋಗ್ಬೇಕು ಅಂತ ಈಗ ನೀವು ಹೇಳಿ."

"ಬಸ್ ಲೇಟಾದ್ರೆ ನಿನ್ನ ಕೆಲಸಕ್ಕೇ ಕುತ್ತು, ನೋಡ್ಕೋ!"

"ಆಗಲಿ. ಕೀಲಿ ಬರೋ ತನಕ ಬಸ್ ಅಲುಗಲ್ಲ."

ನಾನು ಗಡಿಯಾರ ನೋಡಿದೆ, ಹೊರಡುವ ಹೊತ್ತು ದಾಟಿತ್ತು. ಅಷ್ಟರಲ್ಲಿ ಬಸ್ಸಿನಿಂದ ಒಬ್ಬ ಅಜ್ಜಿ ಕೋಲೂರಿಕೊಂಡು ಇಳಿದು ಬಂದು, "ಕೊಡಪ್ಪಾ ಕೀಲಿ, ನನಗೂ ಹೋಗ್ಬೇಕು" ಅಂದಳು. ಅವಳ ಹಿಂದೆ ಕೂಸನ್ನೆತ್ತಿಕೊಂಡ ತಾಯಿ. ಆಮೇಲೆ ಇಬ್ಬರು ಕಾಲೇಜು ಹುಡುಗಿಯರು. ನೋಡನೋಡುತ್ತ ಇಡೀ ಬಸ್ಸಿನ ಹೆಂಗಸರು ಸಾಲು ನಿಂತರು. ಇಷ್ಟು ವರ್ಷ ಎಲ್ಲರೂ ತಡೆದುಕೊಂಡೇ ಕೂತಿದ್ದರು! ಕಂಟ್ರೋಲರ್ ಒಮ್ಮೆ ಸಾಲು ನೋಡಿದ, ಒಮ್ಮೆ ಅಕ್ಕನನ್ನು ನೋಡಿದ, ಡ್ರಾಯರ್ ಎಳೆದ.

ಬಸ್ ತಡವಾಗಿಯೇ ಹೊರಟಿತು. ತಡವಾಯಿತೆಂದು ಮ್ಯಾನೇಜರಿಗೆ ದೂರು ಕೊಡಲು ಕಂಟ್ರೋಲರೂ ಸೇರಿ ಒಬ್ಬರೂ ಮುಂದೆ ಬರಲಿಲ್ಲ. ಮುಂದಿನ ಟ್ರಿಪ್ಪಿಗೆ ಅಕ್ಕ ಬಾಟಲಿಯನ್ನು ಮತ್ತೆ ತುಂಬಿಸಿ ಪಕ್ಕದಲ್ಲಿಟ್ಟುಕೊಂಡು, ಎಡಗಾಲಿನಿಂದ ಕ್ಲಚ್ ತುಳಿದಳು.