ಗಾಳಿಗೆ ಬಿಟ್ಟ ಐದು ಅಡಿ

ಇಂಜಿನಿಯರು ಸುಣ್ಣದ ಗೆರೆ ಎಳೆದು ಹೇಳಿದರು, "ಅಜ್ಜಿ, ಮನೆ ಈ ಗೆರೆಯ ಒಳಗೆ. ಹೊರಗಿನ ಜಾಗ ಬಿಡಬೇಕು."

"ಯಾರಿಗೆ?" ಎಂದು ಕೇಳಿದೆ. "ಇಲ್ಲಿ ನಾಗ ಉಂಟಾ?"

ನಮ್ಮ ಊರು ಮುಂಡಾಜೆಯಲ್ಲಿ ಬಿಟ್ಟ ಜಾಗ ಎಂದರೆ ನಾಗನದ್ದು. ಅಲ್ಲಿ ಕತ್ತಿ ಹಾಕುವುದಿಲ್ಲ, ಕಾಲಿಡುವುದಿಲ್ಲ. ಮೂಡುಬಿದಿರೆಯ ಈ ಐದು ಸೆಂಟ್ಸ್ ಜಾಗದಲ್ಲಿ ನಾಲ್ಕೂ ಬದಿ ನಾಗನಿಗೆ ಬಿಟ್ಟರೆ ನಾವು ಎಲ್ಲಿ ಮಲಗುವುದು?

ಇಂಜಿನಿಯರು ನಕ್ಕರು. "ನಾಗನಿಗೆ ಅಲ್ಲ, ಗಾಳಿ ಬೆಳಕಿಗೆ. ಸೆಟ್‌ಬ್ಯಾಕ್ ಅಂತ ಹೇಳ್ತೇವೆ. ಎದುರು ಬಿಡುವುದು ರಸ್ತೆಯ ಅಗಲ ನೋಡಿ. ಹಿಂದೆ ನೀವು ಬಿಡಬೇಕಾದ್ದು ಐದು ಅಡಿ."

"ಗಾಳಿಗೆ ನಾನು ಜಾಗ ತೆಗೆದು ಕೊಡಬೇಕಾ ಮಾರಾಯ್ರೆ?"

ಹಿಂದಿನ ಐದು ಅಡಿ ನನಗೆ ಬೇಕಿತ್ತು. ಊರಿನ ಮನೆ ಪಾಲಿನಲ್ಲಿ ಮೈದುನನಿಗೆ ಹೋದ ಮೇಲೆ ನಾನು ಟೀಚರ್ ಕೆಲಸದ ಮಗಳು ಸುಮತಿಯ ಜೊತೆ ಇಲ್ಲಿಗೆ ಬಂದವಳು. ತಂದದ್ದು ಒಂದು ತಾಮ್ರದ ಹಂಡೆ. ಅದಕ್ಕೊಂದು ಒಲೆ, ಸೌದೆ ಹಾಕಿ ನೀರು ಕಾಯಿಸುವ ಬಚ್ಚಲು ಬೇಕು. ಕರೆಂಟಿನ ನೀರು ಮೈಗೆ ಹತ್ತುವುದಿಲ್ಲ.

ಊರಿನಲ್ಲಿ ಬಚ್ಚಲು ಕಟ್ಟುವಾಗ ಟೇಪು ಹಿಡಿಯಲಿಲ್ಲ. ಆಚೆಮನೆಯ ಬೀಪಾತುವಿನ ಗಂಡನನ್ನು ಕರೆದೆವು. ಮಾಡಿನ ಮಳೆನೀರು ಎಲ್ಲಿ ಬೀಳುತ್ತದೆ ನೋಡಿ, "ನಮ್ಮ ಕಡೆಗೆ ಬೀಳದಿದ್ದರೆ ಸಾಕು" ಎಂದರು. ಅಷ್ಟೇ ಅಳತೆ. ಬೀಪಾತು ಎರಡು ಮನೆಗಳ ನಡುವಿನ ಸಂದಿಯಿಂದಲೇ ತೆಂಗಿನ ಗೆರಟೆ ಚಾಚಿ ಕೆಂಡ ಕೇಳುತ್ತಿದ್ದಳು. ನಾನು ಮೀಯುವುದು ತಡವಾದರೆ, "ಅಕ್ಕಾ, ಊರಿನ ನೀರೆಲ್ಲ ಮುಗಿಸಬೇಡಿ, ಪೇಟೆಯವರಿಗೂ ಸ್ವಲ್ಪ ಉಳಿಸಿ!" ಎಂದು ಗೋಡೆಯಾಚೆಯಿಂದ ಕೂಗುತ್ತಿದ್ದಳು. ಇಲ್ಲಿ ನಾನು ಮಿಂದೆನೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

"ಹಿಂದೆ ತಗಡು ಹಾಕಿದರೆ ಯಾರು ನೋಡ್ತಾರೆ?" ಎಂದೆ.

"ಪುರಸಭೆಯವರು ನೋಡ್ತಾರೆ. ಮನೆಗೆ ನಂಬ್ರ ಸಿಗುವುದಿಲ್ಲ ಅಮ್ಮ," ಎಂದಳು ಸುಮತಿ.

ನಂಬ್ರಕ್ಕೆಲ್ಲ ನಾನು ಹೆದರುವವಳಲ್ಲ. ಹಿಂದಿನ ಐದು ಅಡಿಯಲ್ಲೇ ಒಲೆಗೆ ಮೂರು ಕಲ್ಲು ಇಟ್ಟೇಬಿಟ್ಟೆ. ಆಗ ಹಿಂದಿನ ಮನೆಯ ಐರಿನ್ ಬಾಯಿ ಕಂಪೌಂಡಿನ ಹತ್ತಿರ ಬಂದರು. ಮಾತಾಡಿದ್ದು ಅದೇ ಮೊದಲು.

"ಅಮ್ಮ, ಆ ಕಿಟಕಿ ನಮ್ಮವರು ಮಲಗುವ ಕೋಣೆಯದ್ದು. ಅವರಿಗೆ ದಮ್ಮು. ಹೊಗೆ ಬಂದರೆ ಉಸಿರು ಕಟ್ತದೆ."

ಒಳಗಿನಿಂದ ಕೆಮ್ಮು ಕೇಳಿಸಿತು. ಕಲ್ಲು ತೆಗೆದೆ.

ಮಾರನೆಯ ದಿನ ಇಂಜಿನಿಯರಿಗೆ ಹೇಳಿದೆ, "ನನ್ನ ಕೋಣೆ ಅರ್ಧ ಮಾಡಿ. ಬಚ್ಚಲು ಗೆರೆಯ ಒಳಗೇ ಬರಲಿ. ಹೊಗೆಕೊಳವೆ ರಸ್ತೆಯ ಕಡೆಗೆ ಇರಲಿ."

"ಮಂಚ ಇಟ್ಟರೆ ತಿರುಗಲಿಕ್ಕೆ ಜಾಗ ಇರುವುದಿಲ್ಲ ಅಜ್ಜಿ."

"ಈ ಪ್ರಾಯದಲ್ಲಿ ನಾನು ಎಲ್ಲಿಗೆ ತಿರುಗುವುದು?"

ಹಾಗೆಯೇ ಕಟ್ಟಿದರು. ನಂಬ್ರವೂ ಬಂತು. ಈಗ ಮಂಚದಿಂದ ಇಳಿದರೆ ಬಾಗಿಲು, ಬಾಗಿಲು ದಾಟಿದರೆ ಹಂಡೆ.

ಮೊನ್ನೆ ಮುಂಡಾಜೆಗೆ ಹೋಗಿದ್ದೆ. ಮೈದುನನ ಹೆಂಡತಿ ನೀರು ಕಾಯಿಸಿಟ್ಟು ಮಕ್ಕಳನ್ನು ತಡೆದಳು, "ನಿಲ್ಲಿ, ನೆಂಟರು ಮೊದಲು ಮೀಯಲಿ."

ಆ ಒಲೆಗೆ ಮಣ್ಣು ಮೆತ್ತಿದವಳು ನಾನು. ಆದರೂ ನೆಂಟರ ಹಾಗೆ ಮೊದಲು ಮಿಂದೆ. ನೀರು ಒಳ್ಳೆಯದಿತ್ತು. "ಇವತ್ತು ನಿಂತು ಹೋಗಿ ಅಕ್ಕ" ಎಂದಳು. ಆಗಲಿಲ್ಲ. ಸುಮತಿ ಶಾಲೆಯಿಂದ ಬರುವ ಮೊದಲು ಒಲೆಗೆ ಬೆಂಕಿ ಹಾಕಬೇಕು, ಅವಳಿಗೆ ಅದು ಬರುವುದಿಲ್ಲ.